ಚಹಾ ಕೇಳುವ ರಿಪೇರಿಯವ

ಹೃಷಿಕೇಶ ಸುಳ್ಳುಗಾರ. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿಲ್ಲ. ಒಂಬತ್ತು ವರ್ಷ ಗಮನಿಸಿ ಬರೆಯುತ್ತಿದ್ದೇನೆ.

ವಯಸ್ಸು ಐವತ್ತೆರಡು. ಕಸುಬು ಕಂಪ್ಯೂಟರ್ ರಿಪೇರಿ. ವಡೋದರಾದ ಸಯಾಜಿಗಂಜ್‌ನಲ್ಲಿ ಹಳೆಯ ಕಾಂಪ್ಲೆಕ್ಸೊಂದರ ನೆಲಮಾಳಿಗೆಯಲ್ಲಿ ಅವನ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಮೆಟ್ಟಿಲ ಮೇಲೆ ಕಾಯಬೇಕು. ನಮ್ಮ ವಸತಿ ಸೊಸೈಟಿಯಿಂದ ಫೋನ್ ಮಾಡಿದರೆ ಯಾವಾಗಲೂ ಒಂದೇ ಉತ್ತರ: "ನಿಮ್ಮ ಸೊಸೈಟಿ ಗೇಟಿನಾಗೇ ಅದೀನ್ರಿ ಬಾಯಾರ, ಐದು ಮಿನಿಟ್." ಒಮ್ಮೆ ಹೀಗೆ ಹೇಳುತ್ತಿದ್ದಾಗ ಅವನ ಹಿಂದೆ ಎಪ್ಪತ್ತು ಕಿಲೋಮೀಟರ್ ದೂರದ ಭರೂಚ್ ಸ್ಟೇಷನ್ನಿನ ಅನೌನ್ಸ್‌ಮೆಂಟ್ ನನಗೆ ಸ್ಪಷ್ಟವಾಗಿ ಕೇಳಿಸಿತು.

ಅವನ ಅಪ್ಪ ಯಶವಂತ್ ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ರೈಲ್ವೆ ಫಿಟ್ಟರ್. ಹೃಷಿಕೇಶ ಹುಟ್ಟಿ ಬೆಳೆದದ್ದು ಇದೇ ಊರಿನ ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸ್‌ನಲ್ಲಿ. ಕನ್ನಡ ಶಾಲೆಯ ಮುಖ ಕಂಡವನಲ್ಲ. ಅಜ್ಜಿ ಆಡುತ್ತಿದ್ದ ಹುಬ್ಬಳ್ಳಿ ಮಾತನ್ನೇ ಹಾಗೆಯೇ ಉಳಿಸಿಕೊಂಡಿದ್ದಾನೆ. ನನ್ನನ್ನು 'ಬಾಯಾರ' ಎಂದು ಕರೆಯುವವನು ಈ ಊರಿನಲ್ಲಿ ಅವನೊಬ್ಬನೇ. ಉಳಿದವರಿಗೆ ನಾನು ಮಂದಾಕಿನಿಬೆನ್. ಅವನೂ ಅಷ್ಟೇ, ಗುಜರಾತಿ ಗಿರಾಕಿಗಳಿಗೆ ಋಷಿಭಾಯಿ, ಮರಾಠಿ ಮನೆಗಳಲ್ಲಿ ಮರಾಠಿಯವನೇ.

ಡಿಪ್ಲೊಮಾ ಮುಗಿಸಿದ್ದೇನೆಂದು ನನಗೆ ಹೇಳಿದ್ದ. ಅಪ್ಪ ತೀರಿಕೊಂಡದ್ದರಿಂದ ಎರಡನೇ ವರ್ಷ ಬಿಟ್ಟೆನೆಂದು ಪಕ್ಕದ ಮನೆಯ ಗಿರಿಜಾಗೆ ಹೇಳಿದ್ದ. ಇಂಥದ್ದನ್ನು ನಾನು ಸುಮ್ಮನೆ ಬಿಡುವವಳಲ್ಲ. ಆ ಪಾಲಿಟೆಕ್ನಿಕ್‌ನಲ್ಲಿ ಕಲಿಸುತ್ತಿದ್ದ ಪರಿಚಿತರೊಬ್ಬರನ್ನು ವಿಚಾರಿಸಿದೆ. ಬಿಟ್ಟದ್ದು ಮೊದಲ ವರ್ಷದಲ್ಲೇ, ಗಣಿತದಲ್ಲಿ ಎರಡು ಸಲ ನಪಾಸಾಗಿ. ಅಪ್ಪ ತೀರಿಕೊಂಡದ್ದು ಅದಾಗಿ ಹನ್ನೆರಡು ವರ್ಷಕ್ಕೆ. ಆಮೇಲೆ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ ದುಡಿದ, ಟಿವಿಗಳು ರಿಪೇರಿಗೆ ಬರುವುದು ನಿಂತ ಮೇಲೆ ಕಂಪ್ಯೂಟರಿಗೆ ಬಂದ. ಕೆಲಸ ಬರುತ್ತದೆ. ಸುಳ್ಳುಗಾರನಿಗೆ ಕೆಲಸ ಬರಬಾರದೆಂದು ಎಲ್ಲೂ ಇಲ್ಲ.

ನನಗೆ ಅವನ ಮೇಲೆ ಅನುಮಾನ ಗಟ್ಟಿಯಾದದ್ದು ಒಂದು ಅಭ್ಯಾಸದಿಂದ. ಯಾರ ಮನೆಗೆ ಹೋದರೂ, ಯಂತ್ರವನ್ನು ಅತ್ತಿತ್ತ ನೋಡಿ, ಕೆಲಸದ ನಡುವೆ ತಲೆಯೆತ್ತಿ ಚಹಾ ಕೇಳುತ್ತಾನೆ. ಅವನು ಚಹಾಪ್ರಿಯನಲ್ಲ; ಎಷ್ಟೋ ಸಲ ಅರ್ಧ ಬಿಟ್ಟು ಹೋಗುತ್ತಾನೆ. ಚಹಾ ಕೇಳುವುದು ಮನೆಯವರನ್ನು ಎಬ್ಬಿಸುವುದಕ್ಕೆ. ಗಿರಿಜಾಳ ಗಂಡ ಪದ್ಮನಾಭ ರಿಫೈನರಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅವರ ಪ್ರಿಂಟರ್ ನಿಂತುಹೋದಾಗ ಹೃಷಿಕೇಶ ಬಂದ, ಗಿರಿಜಾಳನ್ನು ಚಹಾ ಕೇಳಿದ, ಪದ್ಮನಾಭರಿಗೆ ಖರೀದಿಯ ಬಿಲ್ ಹುಡುಕಲು ಹೇಳಿದ. ಇಬ್ಬರೂ ಎದ್ದರು. ವಾಪಸ್ ಬರುವಷ್ಟರಲ್ಲಿ ಪ್ರಿಂಟರ್ ಕಾಗದ ಉಗುಳುತ್ತಿತ್ತು.

"ಡ್ರೈವರ್ ಹಾರಿಹೋಗಿತ್ರಿ ಅಂಕಲ್, ಹಾಕೀನಿ" ಎಂದನಂತೆ.

ಗಿರಿಜಾ ನನಗೆ ಬೆಳಗಿನ ವಾಕಿಂಗ್‌ನಲ್ಲಿ ಹೇಳಿದಳು: "ಎಂಥ ಡ್ರೈವರ್ ಮಾರಾಯ್ರೇ! ಅಡುಗೆಮನೆ ಬಾಗಿಲಿಂದ ನಾನೇ ನೋಡಿದೆ. ಗೋಡೆಯ ಸ್ವಿಚ್ ಹಾಕಿದ, ಅಷ್ಟೆ. ನಮ್ಮವರು ಸ್ವಿಚ್ ಆಫ್ ಮಾಡಿಟ್ಟು ಎರಡು ದಿನ ಪ್ರಿಂಟರಿಗೆ ಬೈತಾ ಇದ್ರು. ಈಗ ಸೊಸೈಟಿಗೆಲ್ಲ ಡ್ರೈವರ್ ಪುರಾಣ ಹೇಳ್ತಾ ತಿರುಗ್ತಾರೆ."

ಅವಳು ನಕ್ಕಳು. ನಾನು ನಗಲಿಲ್ಲ. ಮನೆಯವರನ್ನು ಹೊರಗೆ ಕಳಿಸಿ, ಇಲ್ಲದ ರೋಗದ ಹೆಸರು ಹೇಳುವ ವೈದ್ಯ ನಾಳೆ ಕಿಡ್ನಿಯನ್ನೂ ತೆಗೆದಾನು ಎಂದುಕೊಂಡೆ.

ಈಗ ಕೃಪಾಳ ಸಂಗತಿ. ಅವಳು ನನ್ನ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದಳು. ಇಪ್ಪತ್ತಮೂರು ವರ್ಷ. ಅವಳ ತಂದೆ ಕೃಷ್ಣಮೂರ್ತಿ ವಿಮಾ ಕಂಪನಿಯಲ್ಲಿ ಅಧಿಕಾರಿ. ಅಹಮದಾಬಾದಿನಿಂದ ಪಟ್ನಾಕ್ಕೆ ವರ್ಗವಾಗಿತ್ತು. ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಮಗಳೂ ಪಟ್ನಾಕ್ಕೆ ಹೊರಡಬೇಕು, ಅದು ಮನೆಯಲ್ಲಿ ಆದ ಕರಾರು. ಹುಡುಗಿಗೆ ಹೋಗಲು ಸುತಾರಾಂ ಇಷ್ಟವಿಲ್ಲ. ಸೂರತ್‌ನ ಒಂದು ಸೀರೆ ಕಂಪನಿಯ ಡಿಸೈನ್ ವಿಭಾಗದಿಂದ ಕರೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ಮುಂದೆ, ಕಂಪ್ಯೂಟರಿನಲ್ಲೇ ನೇಯ್ದ ಸೀರೆಯೊಂದು ಗಾಳಿಗೆ ಹಾರುವ ಇಪ್ಪತ್ತು ಸೆಕೆಂಡಿನ ಚಿತ್ರ ತೋರಿಸಬೇಕು. ಚಿತ್ರದ ಲೆಕ್ಕಾಚಾರವೆಲ್ಲ ಮುಗಿದಿತ್ತು. ಯಂತ್ರ ಅದನ್ನು ಒಂದೊಂದೇ ಚೌಕಟ್ಟಾಗಿ ಬರೆದು ಮುಗಿಸಲು ಮೂವತ್ತು ತಾಸು ಬೇಕು. ಅಷ್ಟು ಕೆಲಸ ಮಾಡಬಲ್ಲದ್ದು ಅವಳ ಗ್ರಾಫಿಕ್ಸ್ ಕಾರ್ಡ್ ಒಂದೇ. ಮಾನಿಟರಿಗೆ ಚಿತ್ರ ಕಳಿಸುವುದೂ ಅದೇ. ಅಂಗೈಗಿಂತ ಉದ್ದ, ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನುಗಳ ಒಂದು ಹಲಗೆ. ಅಪ್ಪನ ಕೈಯಲ್ಲಿ ಜಗಳವಾಡಿ ಕೊಡಿಸಿಕೊಂಡದ್ದು.

ಬುಧವಾರ ಮಧ್ಯಾಹ್ನ ಹೃಷಿಕೇಶನನ್ನು ಕರೆಸಿದವಳು ಅವಳೇ. ಮೂವತ್ತು ತಾಸು ಓಡುವ ಮೊದಲು ಯಂತ್ರದ ಧೂಳು ತೆಗೆಸಬೇಕಂತೆ. ದೀಪಾವಳಿಯ ಸ್ವಚ್ಛತೆಯ ಕಾಲ ಬೇರೆ, ಇಡೀ ಸೊಸೈಟಿಯ ಗಾದಿಗಳು ಬಾಲ್ಕನಿಗಳಲ್ಲಿ ನೇತಾಡುತ್ತಿದ್ದವು. ಅವನು ಪೆಟ್ಟಿಗೆ ಬಿಚ್ಚಿದ, ಕಾರ್ಡನ್ನು ಹೊರಗೆ ತೆಗೆದು ಹಾಸಿದ ಪತ್ರಿಕೆಯ ಮೇಲಿಟ್ಟ, ಪೆಟ್ಟಿಗೆಯನ್ನು ಬ್ಲೋವರ್ ಹಿಡಿಯಲು ಬಾಲ್ಕನಿಗೆ ಒಯ್ದ. ಕೃಪಾ ಅವನ ಜೊತೆ ಹೋದಳು. ಕೋಣೆಯಲ್ಲಿ ಕಾರ್ಡು ಮತ್ತು ನಾನು.

ಕಂಪ್ಯೂಟರ್ ಮಾರುಕಟ್ಟೆಯಲ್ಲಿ ಒಳ್ಳೆಯ ಭಾಗ ತೆಗೆದು ಅದೇ ತರಹದ ಕೆಟ್ಟದ್ದನ್ನು ಕೂರಿಸುತ್ತಾರೆ ಎಂಬ ಮಾತು ಎಲ್ಲರೂ ಕೇಳಿದ್ದೇ. ಅದಕ್ಕೇ ಬುದ್ಧಿವಂತ ಗಿರಾಕಿಗಳು ತಮ್ಮ ಭಾಗದ ಮೇಲೆ ಸಹಿ ಹಾಕಿ ಕೊಡುತ್ತಾರೆ. ಆದರೆ ಕಣ್ಣಿಗೆ ಕಾಣುವ ಸಹಿಯನ್ನು ಕಳ್ಳನೂ ನೋಡುತ್ತಾನಲ್ಲ? ಕಾಣದ ಗುರುತು ಬೇಕು. ಮೂವತ್ನಾಲ್ಕು ವರ್ಷ ಸಸ್ಯಶಾಸ್ತ್ರ ಕಲಿಸಿದವಳು ನಾನು. ಗಾಜಿನ ಸ್ಲೈಡುಗಳ ಅಂಚನ್ನು ಬಣ್ಣವಿಲ್ಲದ ನೈಲ್ ಪಾಲಿಶ್‌ನಿಂದ ಮುಚ್ಚುವುದು ನಮ್ಮ ಪ್ರಯೋಗಾಲಯದ ಪದ್ಧತಿ. ಒಂದು ಸೀಸೆ ಈಗಲೂ ಮನೆಯಲ್ಲಿದೆ, ಕೆಳಗಿಳಿದು ಅದನ್ನು ತಂದೆ. ನೇರವಾಗಿ ನೋಡಿದರೆ ಕಾಣದು. ಓರೆ ಬೆಳಕಿನಲ್ಲಿ ಮಿನುಗುತ್ತದೆ. ಕಾರ್ಡಿನ ಕೆಳ ಅಂಚಿನಲ್ಲಿ ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಸಾಲಿದೆ, ಅದು ಯಂತ್ರದ ಸಂದಿಗೆ ಕಚ್ಚಿಕೊಳ್ಳುವ ಭಾಗ. ಒಳಗೆ ಹೂತುಹೋಗುವ ಆ ಜಾಗದಲ್ಲಿ ಯಾರೂ ಗುರುತು ಹುಡುಕುವುದಿಲ್ಲವೆಂದು ಅಲ್ಲೇ ಎರಡೂ ಬದಿಗೆ ಒಂದೊಂದು ಚುಕ್ಕೆ ಇಟ್ಟೆ. ಊದಿ ಒಣಗಿಸಿದೆ. ಅವರು ಬರುವಷ್ಟರಲ್ಲಿ ನಾನು ಕುರ್ಚಿಯಲ್ಲಿದ್ದೆ.

ಅವನು ಕಾರ್ಡು ಕೂರಿಸಿ ಗುಂಡಿ ಒತ್ತಿದ. ಫ್ಯಾನುಗಳು ತಿರುಗಿದವು, ದೀಪಗಳು ಉರಿದವು. ಮಾನಿಟರ್ ಕಪ್ಪಗೆ ನಿಂತು 'ನೋ ಸಿಗ್ನಲ್' ಎಂದಿತು.

"ಅರೇ, ಕ್ಯಾ ಹುವಾ?" ಕೃಪಾ ಅವನ ಬೆನ್ನಿಗೆ ಬಂದು ನಿಂತಳು. "ಅಂಕಲ್, ಬೆಳಿಗ್ಗೆ ಫುಲ್ ಸರಿ ಇತ್ತು!"

"ತಡೀ ಬೆನ್, ಒಮ್ಮೊಮ್ಮೆ ಮುನಿಸ್ಕೋತೈತಿ."

ಅವನು ಕೇಬಲ್ ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದ. ಇಲ್ಲ. ಬೇರೆ ಕೇಬಲ್ ಹಾಕಿದ. ಇಲ್ಲ. ಕಾರ್ಡಿಗೆ ವಿದ್ಯುತ್ ಕೊಡುವ ದಪ್ಪ ತಂತಿಯನ್ನು ತೆಗೆದು ಮತ್ತೆ ಒತ್ತಿದ. ರ್ಯಾಮ್ ಎನ್ನುವ ನೆನಪಿನ ಪಟ್ಟಿ ಕಳಚಿ, ಜೇಬಿನಿಂದ ಶಾಲೆಯ ಮಕ್ಕಳ ಒಂದು ರಬ್ಬರ್ ತೆಗೆದು, ಅದರ ಅಂಚನ್ನು ಉಜ್ಜಿ ಹಾಕಿದ. ಇಲ್ಲ. ಕೊನೆಗೆ ಆ ಕಾರ್ಡನ್ನೇ ತೆಗೆದು, ತನ್ನ ಚೀಲದಲ್ಲಿದ್ದ ಹಳೆಯದೊಂದು ಪುಟ್ಟ ಕಾರ್ಡು ಕೂರಿಸಿದ. ಚಿತ್ರ ಬಂತು.

"ಅಂದ್ರ ಮಷೀನ್ ಛಲೋ ಐತಿ" ಎಂದ. "ತೊಂದ್ರಿ ಇದ್ರಾಗೇ." ಕೃಪಾಳ ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ಅತ್ತಿತ್ತ ತಿರುಗಿಸಿದ. ಆಮೇಲೆ ನನ್ನ ಕಡೆ ನೋಡಿದ.

"ಬಾಯಾರ, ಚಹಾ ಆಗ್ತದೇನ್ರಿ?"

"ಹಾಲಿಲ್ಲ" ಎಂದೆ.

"ಬ್ಲ್ಯಾಕ್ ಟೀ ಆದ್ರೂ ಓಡ್ತದ್ರಿ."

"ಪುಡಿಯೂ ಇಲ್ಲ. ನೀವು ಕೆಲಸ ಮಾಡಿ, ನಾನು ಇಲ್ಲೇ ಇರುತ್ತೇನೆ." ನಾನು ನಂಬದ ಜನರನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ.

ಅವನು ಕಾರ್ಡನ್ನು ನಿಧಾನವಾಗಿ ಕೆಳಗಿಟ್ಟ. "ಹಂಗಾದ್ರ ಅಂಗಡಿಗೆ ಒಯ್ದು ನೋಡ್ಬೇಕಾಗ್ತದ."

ಕೃಪಾಳ ಮುಖ ಬಿಳಿಚಿತು. "ಅಂಕಲ್, ಮಂಡೇ ಸೂರತ್! ಲೇಟೆಸ್ಟ್ ಅಂದ್ರೆ ಸ್ಯಾಟರ್ಡೇ ಈವ್ನಿಂಗ್ ಸ್ಟಾರ್ಟ್ ಮಾಡ್ಲೇಬೇಕು. ಇಲ್ಲಾಂದ್ರೆ ನಾನು ಡೈರೆಕ್ಟ್ ಪಟ್ನಾ."

"ಶನಿವಾರ ನಾಕು ಗಂಟೆಕ್ಕ ತರ್ತೀನಿ. ಚಿಂತಾ ನಹೀಂ."

ಅವನು ಬಿಟ್ಟುಹೋದ ಪುಟ್ಟ ಕಾರ್ಡಿನಲ್ಲಿ ಪರದೆಯೇನೋ ಕಾಣುತ್ತಿತ್ತು. ಸೀರೆಯ ಕೆಲಸ ಶುರುವಾದ ತಕ್ಷಣ ಯಂತ್ರ ಹೆಪ್ಪುಗಟ್ಟುತ್ತಿತ್ತು. ನನ್ನ ತರ್ಕ ಸರಳವಾಗಿತ್ತು. ಬೆಳಿಗ್ಗೆ ನಡೆಯುತ್ತಿದ್ದ ವಸ್ತು ಅವನ ಕೈ ತಾಕಿ ನಿಂತಿತು. ಅವನು ನನ್ನನ್ನು ಎಬ್ಬಿಸಲು ನೋಡಿದ. ನಾನು ಏಳದಿದ್ದಾಗ ವಸ್ತುವನ್ನೇ ಮನೆಯಿಂದ ಹೊರಗೆ ಒಯ್ದ. ಗುರುತು ಹಾಕಿದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ.

ಗುರುವಾರ ಫೋನ್ ಮಾಡಿದರೆ, "ಟೆಸ್ಟಿಂಗ್‌ನಾಗ ಐತ್ರಿ." ಶುಕ್ರವಾರ ಬೆಳಿಗ್ಗೆ ನಾನು ಆಟೋ ಮಾಡಿಕೊಂಡು ಸಯಾಜಿಗಂಜ್‌ಗೆ ಹೋದೆ. ಮೆಟ್ಟಿಲಿಳಿದು ನೋಡಿದರೆ ಅವನ ಅಂಗಡಿಯ ಶಟರ್ ಎಳೆದಿದೆ, ಎರಡು ಬೀಗ. ಅಲ್ಲೇ ನಿಂತು ಫೋನ್ ಮಾಡಿದೆ.

"ಎಲ್ಲಿದ್ದೀರಿ?"

"ಅಂಗಡ್ಯಾಗ ಕೂತೀನ್ರಿ ಬಾಯಾರ. ನಿಮ್ಮ ಕಾರ್ಡೇ ಮುಂದೈತಿ."

"ಒಳ್ಳೆಯದು" ಎಂದು ಇಟ್ಟುಬಿಟ್ಟೆ. ಬೀಗಗಳ ಫೋಟೋ ತೆಗೆದುಕೊಂಡೆ, ಸಮಯ ಬರೆದುಕೊಂಡೆ. ಮನೆಗೆ ಬಂದು ಪೊಲೀಸರಿಗೆ ಎರಡು ಪುಟದ ಅರ್ಜಿ ಸಿದ್ಧಮಾಡಿದೆ. ಅದು ಈಗಲೂ ಕಪಾಟಿನಲ್ಲಿದೆ, ಭಾಷೆ ಚೆನ್ನಾಗಿದೆ. ಕೃಪಾಗೆ ಏನೂ ಹೇಳಲಿಲ್ಲ. ಅವಳು ಆಗಲೇ ಊಟ ಬಿಟ್ಟಿದ್ದಳು. ಪಟ್ನಾದಿಂದ ಅವಳಮ್ಮ ದಿನಕ್ಕೆ ಎರಡು ಸಲ ಫೋನ್ ಮಾಡಿ, ಅಲ್ಲಿ ಅವಳಿಗಾಗಿ ಕೋಣೆಗೆ ಬಣ್ಣ ಹೊಡೆಸಿರುವುದನ್ನು ವರ್ಣಿಸುತ್ತಿದ್ದರು.

ಶನಿವಾರ ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಅವನು ಬಂದ. ಹೇಳಿದ ಹೊತ್ತಿಗಿಂತ ಮುಂಚೆ ಬಂದದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು, ಅದೂ ಅನುಮಾನಕ್ಕೆ ಕಾರಣವೇ. ಕಾರ್ಡನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಯಂತ್ರಕ್ಕೆ ಹಾಕುವ ಮೊದಲು ನನ್ನ ಕೈಗೆ ಕೊಡಿ ಎಂದೆ. ಕಿಟಕಿಯ ಬಳಿ ಒಯ್ದು, ಎಲೆಗಳನ್ನು ನೋಡುವ ಭೂತಗನ್ನಡಿ ಹಿಡಿದು, ಹಲ್ಲುಗಳ ಸಾಲನ್ನು ಓರೆ ಬೆಳಕಿಗೆ ತಿರುಗಿಸಿದೆ. ಒಂದು ಬದಿಯಲ್ಲಿ ಚುಕ್ಕೆಯಿಲ್ಲ. ಇನ್ನೊಂದು ಬದಿಯಲ್ಲೂ ಇಲ್ಲ.

"ಇದು ನಮ್ಮ ಕಾರ್ಡಲ್ಲ" ಎಂದೆ.

"ಆಂಟಿ!" ಕೃಪಾ ಗಾಬರಿಯಾಗಿ ಕಾರ್ಡು ಬಂದಿದ್ದ ಡಬ್ಬಿ ತಂದು ನಂಬರು ಓದಿದಳು. ಕಾರ್ಡಿನ ಚೀಟಿಯ ಮೇಲೂ ಅದೇ ನಂಬರು.

"ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ನಾನು ಬುಧವಾರ ಗುರುತು ಹಾಕಿದ್ದೆ. ಈಗ ಇಲ್ಲ. ಅಷ್ಟೇ ಅಲ್ಲ, ನಿನ್ನೆ ಹನ್ನೊಂದು ಗಂಟೆಗೆ ಇವರು ಅಂಗಡಿಯಲ್ಲಿ ಕೂತಿದ್ದೇನೆ ಅಂದಾಗ ನಾನು ಬೀಗ ಹಾಕಿದ ಅಂಗಡಿಯ ಮುಂದೆ ನಿಂತಿದ್ದೆ."

"ಗುರುತಾ? ಎಲ್ಲಿ ಹಾಕಿದ್ರಿ ಆಂಟಿ?"

ನಾನು ಬಾಯಿ ತೆರೆಯುವ ಮೊದಲೇ ಹೃಷಿಕೇಶ ಅವಳ ಕಡೆ ತಿರುಗಿದ. "ಕೃಪಾ ಬೆನ್, ಒಂದು ಕಪ್ ಚಹಾ ಆಗ್ತದೇನು? ಬಿಸಿಲಾಗ ಬಂದೀನಿ."

"ಅಂಕಲ್, ಈಗ ಚಹಾ?"

"ಚಹಾ ಬರೂದ್ರಾಗ ನಿನ್ನ ಸೀರಿ ಹಾರಾಡ್ತಿರ್ತದ. ಹೋಗು."

ಅವಳು ನನ್ನ ಮುಖ, ಅವನ ಮುಖ ನೋಡಿ, ಕಾಲು ಅಪ್ಪಳಿಸಿಕೊಂಡು ಕೆಳಗೆ ನನ್ನ ಅಡುಗೆಮನೆಗೆ ಹೋದಳು. ಅವನು ದನಿ ತಗ್ಗಿಸಿದ.

"ಬಾಯಾರ, ಕಾರ್ಡಿಗೆ ಕರೆಂಟು, ಮಾತು ಎಲ್ಲಾ ಆ ಹಲ್ಲಿನ ಮ್ಯಾಲಿಂದನ ಹೋಗೂದು. ಅಲ್ಲಿ ನೈಲ್ ಪಾಲಿಶ್ ಹಚ್ಚಿದ್ರ ಹೆಂಗ್ ಹೋಗ್ತದ ಹೇಳ್ರಿ? ಬಾಯಿಗೆ ಬಟ್ಟಿ ತುರುಕಿ ಮಾತಾಡು ಅಂದಂಗಾತು. ರಬ್ಬರಿಗೆ ಹೋಗೂದಲ್ಲ ಅದು, ಘಾಟು ಥಿನ್ನರ್ ಹಚ್ಚಿ ಉಜ್ಜಿ ತೆಗೆದೆ. ಅದಕ್ಕ ನಿಮ್ಮ ಗುರುತು ಇಲ್ಲ."

ನಾನು ಭೂತಗನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಬುಧವಾರನ ಕಂಡಿತ್ತು, ಲೈಟಿಗೆ ಹಿಡಿದಾಗ. ನೀವು ಎದ್ದು ಹೋಗಿದ್ರ ಆ ಹುಡುಗೀನೂ ಏನರ ತರಾಕ ಕಳಿಸ್ತಿದ್ದೆ, ಎರಡು ಮಿನಿಟಿನ ಕೆಲಸ. ನೀವು ಏಳಲಿಲ್ಲ."

"ನನ್ನ ಮುಂದೆಯೇ ಹೇಳಬಹುದಿತ್ತು."

"ಆ ಹುಡುಗಿ ಮುಂದ?" ಎಂದ, ಆಶ್ಚರ್ಯದಿಂದ.

"ಅಂಗಡಿ?"

"ಹೋದ ತಿಂಗಳ ನಮ್ಮ ಬೇಸ್‌ಮೆಂಟಿನಾಗ ಕಳವಾತ್ರಿ. ಇಷ್ಟು ತುಟ್ಟಿ ಮಾಲು ಅಲ್ಲಿ ಇಡಾಕ ಧೈರ್ಯ ಆಗಲಿಲ್ಲ, ಮನೀಗೆ ಒಯ್ದೆ. ಕರೆಂಟು ಅರ್ಧಂಬರ್ಧ ಹೋಗಿ ಒಳಗ ಏನರ ಪೆಟ್ಟಾಗೈತೇನೋ ಅಂತ ಎರಡು ದಿನ ಓಡಿಸಿ ನೋಡೀನಿ. ಏನೂ ಆಗಿಲ್ಲ. ಮನೀಗೆ ಒಯ್ದೀನಿ ಅಂತ ಫೋನಿನಾಗ ಹೇಳಿದ್ರ ನೀವು ನಂಬ್ತಿದ್ರೇನು?"

ನಂಬುತ್ತಿರಲಿಲ್ಲ. ಅಷ್ಟಾದರೂ ಒಂದು ಮಾತು ಬರೆದಿಡಬೇಕು: ಒಬ್ಬ ಮುದುಕಿಯ ಮಾನ ಉಳಿಸಲು ಅವನು ಒಂದು ಹುಡುಗಿಯ ಮೂರು ದಿನ ತಿಂದ. ಅದನ್ನು ನಾನು ಸರಿಯೆನ್ನುವುದಿಲ್ಲ.

ಅವನು ಜೇಬಿನಿಂದ ಅಳಿಸಲಾಗದ ಬಿಳಿ ಮಾರ್ಕರ್ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕಾರ್ಡಿನ ಬೆನ್ನಿನ ಕಪ್ಪು ತಗಡನ್ನು ನನ್ನ ಕಡೆ ತಿರುಗಿಸಿದ. "ಸಹಿ ಇಲ್ಲಿ ಮಾಡ್ರಿ. ಈ ಮೂಲ್ಯಾಗ. ಇಲ್ಲಿ ಮಾಡಿದ್ರ ಯಾರಿಗೂ ಏನೂ ಆಗಂಗಿಲ್ಲ. ನಾ ಎಲ್ಲಾ ಗಿರಾಕಿಗೂ ಮಾಡಿಸ್ತೀನಿ, ನಿಮ್ಮನ್ನ ಕೇಳಾಕ ಅಂಜಿದ್ದೆ."

ಮಾಡಿದೆ. ಅವನು ಕಾರ್ಡು ಕೂರಿಸಿ ಗುಂಡಿ ಒತ್ತಿದ. ಮಾನಿಟರ್ ಒಮ್ಮೆ ಕಣ್ಣುಮುಚ್ಚಿ ತೆರೆಯಿತು, ಆಮೇಲೆ ಬೆಳಗಿತು. ಮೆಟ್ಟಿಲಲ್ಲಿ ಕಪ್ಪುಗಳ ಸದ್ದಾಯಿತು. ಕೃಪಾ ಬಾಗಿಲಲ್ಲೇ ಪರದೆ ನೋಡಿ ಚೀರಿದಳು, ತಟ್ಟೆಯನ್ನು ಹಾಸಿಗೆಯ ಮೇಲಿಟ್ಟು ಓಡಿಬಂದು ತನ್ನ ಕೆಲಸ ತೆರೆದಳು. ಹಸಿರು ಸೀರೆಯ ಸೆರಗು ಒಂದು ಮೂಲೆಯಿಂದ ಎದ್ದಿತು. ಮೂವತ್ತು ತಾಸಿನ ಎಣಿಕೆ ಶುರುವಾಯಿತು. ಹೊತ್ತು ನಾಲ್ಕು ಇಪ್ಪತ್ತೈದು.

ಆ ಚಿತ್ರ ಭಾನುವಾರ ರಾತ್ರಿ ಮುಗಿಯಿತು, ಸೋಮವಾರ ಅವಳು ಸೂರತ್‌ಗೆ ಹೋದಳು, ಈಗ ಅಲ್ಲೇ ಇದ್ದಾಳೆ. ಪಟ್ನಾದ ಬಣ್ಣ ಹೊಡೆದ ಕೋಣೆಯಲ್ಲಿ ಅವಳ ಅಪ್ಪ ಯೋಗ ಮಾಡುತ್ತಾರಂತೆ. ಆದರೆ ನಾನು ಬರೆಯಹೊರಟದ್ದು ಅವಳ ಬಗ್ಗೆ ಅಲ್ಲ.

ಎಣಿಕೆ ಓಡತೊಡಗಿದ ಮೇಲೆ ಅವಳು ಅವನ ಕಡೆ ತಿರುಗಿದಳು. "ಅಂಕಲ್, ಏನಾಗಿತ್ತು ಹೇಳಿ."

"ನಂದ ತಪ್ಪು ಬೆನ್. ಬುಧವಾರ ಸರಿಯಾಗಿ ನೋಡದ ಕೂರಿಸಿದ್ದೆ."

"ವ್ಹಾಟ್? ಬರೀ ಕೂರಿಸಿದ್ದು ತಪ್ಪಾ? ಅದಕ್ಕೆ ಮೂರು ದಿನ? ನಾನು ಅಳ್ತಾ ಇದ್ದೆ ಇಲ್ಲಿ! ನಿಮ್ಮನ್ನ ಯಾರಿಗೂ ರೆಕಮೆಂಡ್ ಮಾಡಲ್ಲ, ಗೊತ್ತಾ?"

"ಖರೇ ಐತಿ" ಎಂದು ಅವನು ಸ್ಕ್ರೂ ತಿರುಗಿಸುತ್ತಲೇ ಇದ್ದ.

ನನಗೆ ಇಂಥದ್ದು ಆಗಿಬರುವುದಿಲ್ಲ. "ಕೃಪಾ, ತಪ್ಪು ಅವರದಲ್ಲ, ನನ್ನದು. ಅದರ ಹಲ್ಲುಗಳ ಮೇಲೆ ನಾನು ನೈಲ್ ಪಾಲಿಶ್ ಹಚ್ಚಿದ್ದೆ."

ಅವಳು ನನ್ನನ್ನು ನೋಡಿದಳು. ನನ್ನ ಬೋಳು ಉಗುರುಗಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ನಗುತ್ತ ತಲೆಯಾಡಿಸಿದ.

"ಬಾಯಾರ ಭಾಳ ದೊಡ್ಡ ಮನಸ್ಸಿನವರು. ನೀ ಬೈಯೂದು ಕೇಳಿ ನನ್ನ ತಪ್ಪು ತಾವು ಹೊತ್ಗೋತಾರ. ನೈಲ್ ಪಾಲಿಶ್ ಅಂತ! ಅವರ ಗುರುತು ಕಾರ್ಡಿನ ಬೆನ್ನ ಮ್ಯಾಲಿನ ಸಹಿ, ಆಗ ಅವರಿಗೆ ಕಾಣಲಿಲ್ಲ ಅಷ್ಟ. ಅವರೇನ್ ನೈಲ್ ಪಾಲಿಶ್ ಹಚ್ಚೂ ಪೈಕಿಯೇನು?"

ಕೃಪಾ ನಕ್ಕುಬಿಟ್ಟಳು. "ಆಂಟಿ, ಯೂ ಆರ್ ಸೋ ಸ್ವೀಟ್" ಎಂದು ನನ್ನ ತೋಳು ಹಿಡಿದುಕೊಂಡಳು. ಎಪ್ಪತ್ತನಾಲ್ಕು ವರ್ಷದಲ್ಲಿ ನಾನು ಹೇಳಿದ ಸತ್ಯವನ್ನು ನನ್ನ ಮುಖದ ಮುಂದೆಯೇ ತಳ್ಳಿಹಾಕಿ, ಒಬ್ಬ ಸುಳ್ಳುಗಾರನನ್ನು ನಂಬಿದ್ದು ಅವಳೊಬ್ಬಳೇ.

ಸಿಟ್ಟು ಇಳಿದ ಮೇಲೆ ಅವಳಿಗೆ ತಟ್ಟೆಯ ನೆನಪಾಯಿತು. ಒಂದು ಕಪ್ಪನ್ನು ಅವನಿಗೆ ಕೊಟ್ಟಳು, ಒಂದನ್ನು ನನಗೆ. "ಸಾರಿ ಅಂಕಲ್, ಜಾಸ್ತಿ ಬೈದೆ. ಚಹಾ ಸರಿ ಇದೆಯಾ?"

ನಾನು ಒಂದು ಗುಟುಕು ಕುಡಿದಿದ್ದೆ. ಸಕ್ಕರೆ ಕಾಯಿಲೆಯವಳು ನಾನು. ಕೆಳಗಿನ ಅಡುಗೆಮನೆಯಲ್ಲಿ ಅವಳು ಯಾವಾಗಲೂ ಮಾಡುವುದು ನನ್ನ ಚಹಾವನ್ನೇ. ಇಬ್ಬರಿಗೂ ಅದನ್ನೇ ತಂದಿದ್ದಳು. ವಡೋದರಾದಲ್ಲಿ ಹುಟ್ಟಿದವರು ಸಕ್ಕರೆಯಿಲ್ಲದ ಚಹಾವನ್ನು ಔಷಧಿಯೆಂದರೂ ಕುಡಿಯುವುದಿಲ್ಲ.

"ಏಕ್‌ದಮ್ ಬರೋಬರ್" ಎಂದ ಹೃಷಿಕೇಶ. ಯಾರ ಮನೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕುಡಿಯದವನು, ಅವಳು ನೋಡುತ್ತಿರುವಂತೆಯೇ, ಆ ಕಪ್ಪನ್ನು ತಳದವರೆಗೆ ಕುಡಿದು ಕೆಳಗಿಟ್ಟ.